ಘಟ್ಟದಲ್ಲಿ ಕುದಿಯುವ ಡೀಸೆಲ್ ಜೀಪು: ಕಾರಣ ಕಂಡುಹಿಡಿಯುವ ಕ್ರಮ

ಬೆಳ್ತಂಗಡಿ ತಾಲ್ಲೂಕಿನ ಕಕ್ಕಿಂಜೆಯು ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಊರು. ಉಜಿರೆ, ಮುಂಡಾಜೆಗಳನ್ನು ದಾಟಿ ಬರುವ ಹೆದ್ದಾರಿಯು ಕಕ್ಕಿಂಜೆ, ಚಾರ್ಮಾಡಿಗಳ ಮೂಲಕ ಘಟ್ಟವೇರಿ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರವನ್ನು ಸೇರುತ್ತದೆ. ಅಡಿಕೆ, ತೆಂಗು, ರಬ್ಬರು, ಕಾಳುಮೆಣಸು ಬೆಳೆಯುವ ಈ ಭಾಗದಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನು ಈಗ ಡೀಸೆಲ್ ಜೀಪು ಮತ್ತು ಪಿಕಪ್ ವಾಹನಗಳು ಮಾಡುತ್ತಿವೆ. ತೋಟಕ್ಕೆ ಗೊಬ್ಬರ ತರಲು, ಸಸಿ ಸಾಗಿಸಲು, ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯಲು ಇವೇ ಆಧಾರ.

ಇಂತಹ ವಾಹನಗಳ ಮಾಲೀಕರು ಸಾಮಾನ್ಯವಾಗಿ ಹೇಳುವ ದೂರು ಒಂದುಂಟು. ಉಜಿರೆಯವರೆಗೆ ಏನೂ ತೊಂದರೆಯಿಲ್ಲದೆ ಓಡುವ ಜೀಪು ಘಟ್ಟದ ಮೂರು ನಾಲ್ಕು ತಿರುವು ಹತ್ತುವಷ್ಟರಲ್ಲಿ ಕುದಿಯತೊಡಗುತ್ತದೆ. ಚಾಲಕರು ಬಾನೆಟ್ ಎತ್ತಿ, ರಸ್ತೆ ಬದಿಯ ತೊರೆಯ ನೀರನ್ನು ರೇಡಿಯೇಟರಿಗೆ ಸುರಿದು, "ಘಟ್ಟವಲ್ಲವೇ, ಕುದಿಯುವುದು ಸಹಜ" ಎಂದು ಮುಂದೆ ಹೋಗುತ್ತಾರೆ. ಕೆಲವು ತಿಂಗಳು ಹೀಗೆ ನಡೆದು ಒಂದು ದಿನ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ, ಇಲ್ಲವೆ ಹೆಡ್ಡು ಸೀಳುತ್ತದೆ. ಒಂದು ಬೆಲ್ಟಿನ ಅಥವಾ ಒಂದು ಮುಚ್ಚಳದ ಬೆಲೆಯಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಎಂಜಿನ್ ಬಿಚ್ಚುವ ಖರ್ಚು ಬೀಳುತ್ತದೆ.

ಸುಸ್ಥಿತಿಯಲ್ಲಿರುವ ಎಂಜಿನು, ನಿಗದಿಯಾದ ಭಾರವನ್ನು ಹೊತ್ತು ಘಟ್ಟ ಹತ್ತುವಾಗ ಕುದಿಯಬಾರದು. ಘಟ್ಟವು ರೋಗವನ್ನು ಉಂಟುಮಾಡುವುದಿಲ್ಲ, ಮೊದಲೇ ಇದ್ದ ರೋಗವನ್ನು ತೋರಿಸಿಕೊಡುತ್ತದೆ. ಆದುದರಿಂದ ಕುದಿಯುವುದನ್ನು ಸಹಜವೆಂದು ಬಿಡದೆ, ಕ್ರಮವಾಗಿ ಕಾರಣವನ್ನು ಹುಡುಕಬೇಕು.

ಶಾಖ ಎಷ್ಟು, ಅದು ಎಲ್ಲಿಗೆ ಹೋಗುತ್ತದೆ?

ಡೀಸೆಲ್ ಎಂಜಿನಿನಲ್ಲಿ ಉರಿಯುವ ಇಂಧನದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಶಕ್ತಿಯಾಗುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ತಂಪುಗೊಳಿಸುವ ನೀರು ಹೊತ್ತು ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕು.

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 8,500 ಕಿಲೋ ಕ್ಯಾಲೊರಿ ಶಾಖವಿದೆ. ಇದರಲ್ಲಿ ಸುಮಾರು 2,500 ಕಿಲೋ ಕ್ಯಾಲೊರಿ ನೀರಿಗೆ ಸೇರುತ್ತದೆ ಎಂದಿಟ್ಟುಕೊಳ್ಳೋಣ. 10 ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಬೇಕಾಗುವುದು 700 ಕಿಲೋ ಕ್ಯಾಲೊರಿ ಮಾತ್ರ. ಅಂದರೆ ಒಂದು ಲೀಟರ್ ಡೀಸೆಲ್ ಉರಿಯುವಷ್ಟರಲ್ಲಿ ರೇಡಿಯೇಟರಿನ ನೀರೆಲ್ಲವನ್ನೂ ಮೂರು ಸಲ ಕುದಿಸುವಷ್ಟು ಶಾಖ ಬರುತ್ತದೆ. ಹೀಗಿರುವಾಗ ಮೇಲಿನಿಂದ ಒಂದು ಕೊಡ ತಣ್ಣೀರು ಸುರಿದರೆ ಆಗುವ ಉಪಕಾರ ಕೆಲವು ನಿಮಿಷಗಳದ್ದು ಮಾತ್ರ. ಶಾಖವನ್ನು ನೀರಿನಿಂದ ಗಾಳಿಗೆ ದಾಟಿಸುವ ವ್ಯವಸ್ಥೆ ಸರಿಯಾಗಬೇಕೇ ಹೊರತು, ನೀರು ತುಂಬಿಸುವುದರಿಂದ ರೋಗ ವಾಸಿಯಾಗದು.

ನೀರಿನ ಹಾದಿ

ವಾಟರ್ ಪಂಪು ರೇಡಿಯೇಟರಿನ ಕೆಳಭಾಗದಿಂದ ತಣಿದ ನೀರನ್ನು ಕೆಳಗಿನ ಹೋಸ್ ಪೈಪಿನ ಮೂಲಕ ಎಳೆದು ಎಂಜಿನ್ ಬ್ಲಾಕಿಗೆ ತಳ್ಳುತ್ತದೆ. ನೀರು ಸಿಲಿಂಡರುಗಳ ಸುತ್ತ ಹರಿದು, ಹೆಡ್ಡಿಗೆ ಏರಿ, ಥರ್ಮೋಸ್ಟಾಟ್ ಎಂಬ ಬಾಗಿಲನ್ನು ತಲಪುತ್ತದೆ. ಎಂಜಿನ್ ತಣ್ಣಗಿರುವಾಗ ಈ ಬಾಗಿಲು ಮುಚ್ಚಿರುತ್ತದೆ. ನೀರು ಸುಮಾರು 82 ಡಿಗ್ರಿಗೆ ಬಂದಾಗ ತೆರೆಯತೊಡಗುತ್ತದೆ. ಈ ಅಂಕಿ ಎಂಜಿನಿನಿಂದ ಎಂಜಿನಿಗೆ ಸ್ವಲ್ಪ ಬೇರೆಯಾಗಬಹುದು. ಥರ್ಮೋಸ್ಟಾಟಿನ ಮೇಲೆಯೇ ಅದನ್ನು ಒತ್ತಿರುತ್ತಾರೆ. ಬಾಗಿಲು ತೆರೆದ ಮೇಲೆ ಬಿಸಿನೀರು ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಸಣ್ಣ ನಳಿಕೆಗಳಲ್ಲಿ ಇಳಿಯುವಾಗ ಫ್ಯಾನ್ ಎಳೆದ ಗಾಳಿಗೆ ಶಾಖವನ್ನು ಕೊಟ್ಟು ತಣಿಯುತ್ತದೆ.

ರೇಡಿಯೇಟರಿನ ಮುಚ್ಚಳವು ಬರಿಯ ಮುಚ್ಚಳವಲ್ಲ, ಅದೊಂದು ಕವಾಟ. ಅದು ಒಳಗೆ ಒತ್ತಡವನ್ನು ಉಳಿಸುತ್ತದೆ. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಚದರ ಸೆಂಟಿಮೀಟರಿಗೆ 0.9 ಕಿಲೋಗ್ರಾಂ ಒತ್ತಡದ ಮುಚ್ಚಳದಡಿಯಲ್ಲಿ ಸುಮಾರು 118 ಡಿಗ್ರಿಯವರೆಗೆ ಕುದಿಯದು. ಅಡುಗೆಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಇಲ್ಲಿಯೂ ಇದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಬಿಸುಪು ಸುಮಾರು 1 ಡಿಗ್ರಿ ಇಳಿಯುತ್ತದೆ. ಆದುದರಿಂದ ಘಟ್ಟ ಹತ್ತುವ ವಾಹನಕ್ಕೆ ಒಳ್ಳೆಯ ಮುಚ್ಚಳ ಇನ್ನಷ್ಟು ಅಗತ್ಯ.

ಘಟ್ಟದಲ್ಲಿಯೇ ಏಕೆ ಕುದಿಯುತ್ತದೆ?

ಏರಿನಲ್ಲಿ ಎಂಜಿನಿಗೆ ಪೂರ್ಣ ಕೆಲಸ, ಆದುದರಿಂದ ಹೆಚ್ಚು ಇಂಧನ, ಹೆಚ್ಚು ಶಾಖ. ಆದರೆ ವಾಹನ ನಿಧಾನವಾಗಿ ಚಲಿಸುವುದರಿಂದ ಎದುರಿನಿಂದ ತಾನಾಗಿ ನುಗ್ಗುವ ಗಾಳಿ ಕಡಮೆ. ಗಾಳಿ ಎಳೆಯುವ ಹೊಣೆಯೆಲ್ಲ ಫ್ಯಾನಿನ ಮೇಲೆ ಬೀಳುತ್ತದೆ. ಚಾಲಕರು ಗೇರ್ ಇಳಿಸದೆ ಎಂಜಿನನ್ನು ಹೆಣಗಿಸಿದರೆ ಫ್ಯಾನು ಮತ್ತು ಪಂಪು ಎರಡೂ ನಿಧಾನವಾಗುತ್ತವೆ. ಶಾಖ ಹೆಚ್ಚು, ಗಾಳಿ ಕಡಮೆ, ನೀರಿನ ಓಟ ಕಡಮೆ, ಈ ಮೂರೂ ಸೇರುವ ಜಾಗವೇ ಘಟ್ಟ. ನೆರಿಯ, ಚಾರ್ಮಾಡಿ ಕಡೆಯ ಕಡಿದಾದ ತೋಟದ ದಾರಿಗಳಲ್ಲಿಯೂ ಇದೇ ಸ್ಥಿತಿ.

ಹಳೆಯ ಜೀಪುಗಳಿಗೆ ಇನ್ನೊಂದು ಕಾರಣವೂ ಉಂಟು. ಭಾರತದಲ್ಲಿ 1947ರಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದಾಗ ಅವು ಪೆಟ್ರೋಲ್ ವಾಹನಗಳು. 1979ರಲ್ಲಿ ಆ ಸಂಸ್ಥೆಯು ಫ್ರಾನ್ಸಿನ ಪೇಜೋ ಕಂಪನಿಯ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನನ್ನು ತಯಾರಿಸುವ ಪರವಾನಗಿ ಪಡೆಯಿತು. ಪೆಟ್ರೋಲ್ ಜೀಪುಗಳಿಗೆ ಗ್ಯಾರೇಜುಗಳಲ್ಲಿ ಬೇರೆ ಬೇರೆ ಡೀಸೆಲ್ ಎಂಜಿನುಗಳನ್ನು ಕೂರಿಸುವುದೂ ರೂಢಿಗೆ ಬಂದಿತು. ಹೀಗೆ ಎಂಜಿನ್ ಬದಲಾದ ವಾಹನಗಳಲ್ಲಿ ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡಿರುವುದು, ಫ್ಯಾನು ರೇಡಿಯೇಟರಿನ ನಡುವಿಗೆ ಸರಿಯಾಗಿ ಬಾರದಿರುವುದು, ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ಕಿತ್ತೆಸೆದಿರುವುದು ಸಾಮಾನ್ಯ. ಕವಚವಿಲ್ಲದ ಫ್ಯಾನು ರೇಡಿಯೇಟರಿನ ಮುಖಾಂತರ ಗಾಳಿ ಎಳೆಯುವ ಬದಲು ಪಕ್ಕದ ಬಿಸಿಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಹಳೆಯ ಜೀಪು ಕೊಳ್ಳುವವರು ಇದನ್ನು ಮೊದಲು ನೋಡಬೇಕು.

ಎಲ್ಲಿ ಬಿಸಿಯೇರುತ್ತದೆ ಎಂಬುದೇ ಸುಳಿವು

ಯಾವ ಭಾಗವನ್ನೂ ಬಿಚ್ಚುವ ಮೊದಲು, ವಾಹನ ಯಾವ ಸಂದರ್ಭದಲ್ಲಿ ಬಿಸಿಯೇರುತ್ತದೆ ಎಂಬುದನ್ನು ಎರಡು ಮೂರು ದಿನ ಗಮನಿಸಿ ಬರೆದಿಟ್ಟುಕೊಳ್ಳಬೇಕು. ರೋಗದ ಅರ್ಧ ಪತ್ತೆ ಇದರಲ್ಲಿಯೇ ಆಗುತ್ತದೆ.

(1) ನಿಂತಲ್ಲಿ ಅಥವಾ ನಿಧಾನ ಏರಿನಲ್ಲಿ ಬಿಸಿಯೇರಿ, ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋದಾಗ ತಣಿದರೆ: ಗಾಳಿಯ ಕೊರತೆ. ಫ್ಯಾನ್ ಬೆಲ್ಟು, ಫ್ಯಾನು, ಕವಚ, ರೇಡಿಯೇಟರಿನ ಹೊರಮೈಯನ್ನು ನೋಡಬೇಕು.

(2) ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೂ ಬಿಸಿಯೇರಿದರೆ: ನೀರಿನ ಓಟದ ಕೊರತೆ. ರೇಡಿಯೇಟರಿನ ಒಳನಳಿಕೆ ಕಟ್ಟಿರಬಹುದು, ಕೆಳಗಿನ ಹೋಸ್ ಪೈಪು ಒಳಕ್ಕೆ ಕುಗ್ಗುತ್ತಿರಬಹುದು, ಪಂಪು ದುರ್ಬಲವಾಗಿರಬಹುದು.

(3) ಬೆಳಿಗ್ಗೆ ಹೊರಟ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ, ರೇಡಿಯೇಟರು ಮಾತ್ರ ತಣ್ಣಗಿದ್ದರೆ: ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೆ ಒಳಗೆ ಗಾಳಿ ಸಿಕ್ಕಿಕೊಂಡಿದೆ.

(4) ಹೊರಗೆ ಎಲ್ಲಿಯೂ ಸೋರದೆ ದಿನವೂ ನೀರು ಕಡಮೆಯಾಗುತ್ತಿದ್ದರೆ: ಮುಚ್ಚಳ ಅಥವಾ ಹೆಡ್ ಗ್ಯಾಸ್ಕೆಟಿನ ಮೇಲೆ ಸಂಶಯ.

(5) ನೀರು ಕುದಿಯದಿದ್ದರೂ ಸೂಜಿ ಮೇಲಕ್ಕೆ ಹೋಗುತ್ತಿದ್ದರೆ: ಮೀಟರು ಅಥವಾ ಅದರ ತಂತಿಯ ದೋಷ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಮೀಟರಿಗೆ ಸುದ್ದಿ ಕಳಿಸುವ ಸಣ್ಣ ಉಪಕರಣವು ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಬಿಸಿಯನ್ನು ತೋರಿಸುತ್ತದೆ. ಪೈಪು ಒಡೆದು ನೀರೆಲ್ಲ ಹೋದಾಗ ಸೂಜಿ ಕೆಳಕ್ಕೆ ಇಳಿಯಬಹುದು. ಏರಿನ ನಡುವೆ ಸೂಜಿ ಇದ್ದಕ್ಕಿದ್ದಂತೆ ಬಿದ್ದರೆ ಎಂಜಿನ್ ತಣಿಯಿತೆಂದು ಸಂತೋಷಪಡದೆ ಕೂಡಲೇ ನಿಲ್ಲಿಸಿ ನೋಡಬೇಕು.

ಪರೀಕ್ಷೆಯ ಕ್ರಮ

ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಖರ್ಚಿನ ಕೆಲಸದ ಕಡೆಗೆ ಹೋಗಬೇಕು. ಈ ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ರೈತರು ಮನೆಯಂಗಳದಲ್ಲಿ ತಾವೇ ಮಾಡಬಹುದು. ಎಂಜಿನ್ ಪೂರ್ತಿ ತಣಿದಿರುವಾಗಲೇ ಮುಚ್ಚಳ ತೆಗೆಯಬೇಕು. ವಿದ್ಯುತ್ ಫ್ಯಾನ್ ಇರುವ ವಾಹನಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗಬಹುದಾದುದರಿಂದ ಬ್ಯಾಟರಿಯ ತಂತಿ ಕಳಚಿ ಕೈಹಾಕಬೇಕು.

1. ನೀರಿನ ಮಟ್ಟ: ಬೆಳಿಗ್ಗೆ ವಾಹನ ಹೊರಡುವ ಮೊದಲು ರೇಡಿಯೇಟರಿನಲ್ಲಿಯೇ ಮಟ್ಟ ನೋಡಬೇಕು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿದ್ದ ಮಾತ್ರಕ್ಕೆ ರೇಡಿಯೇಟರು ತುಂಬಿದೆ ಎನ್ನಲಾಗದು. ವಾಹನ ನಿಂತ ಜಾಗದಲ್ಲಿ ರಾತ್ರಿ ಒಂದು ಹಳೆಯ ರಟ್ಟನ್ನು ಹಾಸಿಟ್ಟರೆ ಸೋರುವ ಜಾಗ ಬೆಳಿಗ್ಗೆ ಕಾಣುತ್ತದೆ.

2. ಮುಚ್ಚಳ: ರಬ್ಬರ್ ಬಿಲ್ಲೆ ಬಿರಿದಿದೆಯೇ, ಸ್ಪ್ರಿಂಗ್ ಬಿಗಿಯಾಗಿದೆಯೇ, ನಡುವಿನ ಸಣ್ಣ ಕವಾಟ ಎಳೆದರೆ ಬಂದು ಮತ್ತೆ ಕೂರುತ್ತದೆಯೇ ನೋಡಬೇಕು. ತಣಿದ ಮೇಲೆ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿದ್ದರೆ ಈ ಸಣ್ಣ ಕವಾಟ ಅಂಟಿಕೊಂಡಿದೆ ಎಂದು ತಿಳಿಯಬಹುದು. ಹೊಸ ಮುಚ್ಚಳವು ಹಳೆಯದರ ಮೇಲೆ ಒತ್ತಿದ ಒತ್ತಡದ ಅಂಕಿಯದೇ ಆಗಿರಬೇಕು. ಹೆಚ್ಚು ಒತ್ತಡದ್ದನ್ನು ಹಾಕಿದರೆ ಪೈಪು, ರೇಡಿಯೇಟರಿನ ಬೆಸುಗೆ ಬಿಟ್ಟುಹೋಗಬಹುದು.

3. ಫ್ಯಾನ್ ಬೆಲ್ಟು: ಎರಡು ರಾಟೆಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಬಗ್ಗಬೇಕು. ಹೆಚ್ಚು ಬಗ್ಗಿದರೆ ಸಡಿಲ, ಬಗ್ಗದಿದ್ದರೆ ಅತಿ ಬಿಗಿ. ಅತಿ ಬಿಗಿಯಾದರೆ ಪಂಪಿನ ಬೇರಿಂಗ್ ಕೆಡುತ್ತದೆ. ಬೆಲ್ಟಿನ ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ಎಣ್ಣೆ ತಾಗಿದ, ಒಳಬದಿ ಬಿರಿದ ಬೆಲ್ಟನ್ನು ಬದಲಿಸಬೇಕು.

4. ರೇಡಿಯೇಟರಿನ ಹೊರಮೈ: ಮಳೆಗಾಲದ ಕೆಸರು, ಬೇಸಗೆಯ ಕೆಂಪು ಧೂಳು, ಹುಲ್ಲಿನ ಬೀಜ, ಹುಳುಹುಪ್ಪಟೆ ಇವು ತಗಡಿನ ಎಸಳುಗಳ ನಡುವೆ ಸೇರಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ಎಂಜಿನ್ ಕಡೆಯಿಂದ ಮುಂಭಾಗದ ಕಡೆಗೆ ಕಡಮೆ ಒತ್ತಡದ ನೀರು ಹಾಯಿಸಿ ತೊಳೆಯಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ, ಎಸಳು ಮಡಚಿಕೊಳ್ಳುತ್ತವೆ. ರೇಡಿಯೇಟರಿನ ಮುಂದೆ ಹೆಚ್ಚುವರಿ ದೀಪ, ಫಲಕ, ಗೋಣಿಚೀಲ ಕಟ್ಟಬಾರದು.

5. ಹೋಸ್ ಪೈಪುಗಳು: ಕೈಯಿಂದ ಹಿಚುಕಿದಾಗ ಮೆತ್ತಗೆ ಕೊಳೆತಂತೆ ಅಥವಾ ಕಟ್ಟಿಗೆಯಂತೆ ಗಟ್ಟಿಯಾಗಿದ್ದರೆ ಬದಲಿಸಬೇಕು. ಬಿಸಿಯಾದ ಎಂಜಿನನ್ನು ಒಬ್ಬರು ವೇಗ ಹೆಚ್ಚಿಸುವಾಗ ಇನ್ನೊಬ್ಬರು ಫ್ಯಾನಿನಿಂದ ದೂರ ನಿಂತು ಕೆಳಗಿನ ಪೈಪನ್ನು ನೋಡಬೇಕು. ಪಂಪಿನ ಸೆಳೆತಕ್ಕೆ ಅದು ಚಪ್ಪಟೆಯಾದರೆ ನೀರಿನ ದಾರಿ ಮುಚ್ಚುತ್ತದೆ. ಕೆಲವು ವಾಹನಗಳಲ್ಲಿ ಹೀಗಾಗದಿರಲೆಂದೇ ಈ ಪೈಪಿನೊಳಗೆ ತಂತಿಯ ಸುರುಳಿ ಇರುತ್ತದೆ. ಪೈಪು ಬದಲಿಸುವಾಗ ಅದನ್ನು ಎಸೆಯಬಾರದು.

6. ಥರ್ಮೋಸ್ಟಾಟ್: ಇದನ್ನು ಬಿಚ್ಚಿ, ಒಂದು ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ದಾರದಿಂದ ತೂಗಿಬಿಟ್ಟು ಒಲೆಯ ಮೇಲಿಡಬೇಕು. ಜೊತೆಗೆ ಒಂದು ಥರ್ಮಾಮೀಟರ್ ಇರಲಿ. ಅದರ ಮೇಲೆ ಒತ್ತಿದ ಅಂಕಿಯ ಆಸುಪಾಸಿನಲ್ಲಿ ತೆರೆಯತೊಡಗಿ, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದು, ತಣಿದಾಗ ಪೂರ್ತಿ ಮುಚ್ಚಿದರೆ ಅದು ಸರಿಯಿದೆ.

7. ವಾಟರ್ ಪಂಪು: ಪಂಪಿನ ಅಡಿಯಲ್ಲಿರುವ ಸಣ್ಣ ರಂಧ್ರದಿಂದ ನೀರು ಒಸರುತ್ತಿದ್ದರೆ ಒಳಗಿನ ಸೀಲು ಕೆಟ್ಟಿದೆ. ಆ ರಂಧ್ರವನ್ನು ಮುಚ್ಚಿಬಿಡುವುದು ಪರಿಹಾರವಲ್ಲ. ಎಂಜಿನ್ ನಿಲ್ಲಿಸಿ ಫ್ಯಾನನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದಾಗ ಆಟವಿದ್ದರೆ ಬೇರಿಂಗ್ ಸವೆದಿದೆ. ತುಕ್ಕು ನೀರು ಬಳಸಿದ ಎಂಜಿನುಗಳಲ್ಲಿ ಪಂಪಿನ ಒಳಗಿನ ರೆಕ್ಕೆಗಳು ಸವೆದು ನೀರು ತಳ್ಳುವ ಶಕ್ತಿ ಕಳೆದುಕೊಂಡಿರುತ್ತವೆ.

8. ರೇಡಿಯೇಟರಿನ ಒಳಭಾಗ: ಎಂಜಿನನ್ನು ಬಿಸಿಮಾಡಿ ನಿಲ್ಲಿಸಿ, ರೇಡಿಯೇಟರಿನ ಮುಖವನ್ನು ಅಲ್ಲಲ್ಲಿ ಅಂಗೈಯ ಹಿಂಬದಿಯಿಂದ ಎಚ್ಚರಿಕೆಯಿಂದ ಮುಟ್ಟಿ ನೋಡಬೇಕು. ನಡುನಡುವೆ ತಣ್ಣನೆಯ ತೇಪೆಗಳಿದ್ದರೆ ಅಲ್ಲಿನ ನಳಿಕೆಗಳು ಕಟ್ಟಿವೆ. ಬಿಚ್ಚಿದ ರೇಡಿಯೇಟರಿಗೆ ಮೇಲಿನಿಂದ ಜೋರಾಗಿ ನೀರು ಬಿಟ್ಟರೆ ಅಷ್ಟೇ ಜೋರಾಗಿ ಕೆಳಗಿನಿಂದ ಬೀಳಬೇಕು. ಮೇಲೆ ತುಂಬಿ ಹೊರಚೆಲ್ಲಿದರೆ ಅದನ್ನು ತಿಳಿದವರಿಂದ ಶುಚಿಮಾಡಿಸಬೇಕು, ಇಲ್ಲವೆ ಒಳಭಾಗವನ್ನು ಬದಲಿಸಬೇಕು.

ಈ ಎಂಟೂ ಸರಿಯಿದ್ದು ಘಟ್ಟದಲ್ಲಿ ಮಾತ್ರ ಕುದಿಯುತ್ತಿದ್ದರೆ ಶಾಖದ ಉತ್ಪತ್ತಿಯೇ ಹೆಚ್ಚಾಗಿದೆ ಎಂದು ತಿಳಿಯಬೇಕು. ಡೀಸೆಲ್ ಪಂಪಿನ ಟೈಮಿಂಗ್ ತಡವಾಗಿರುವುದು, ಇಂಧನ ಹೆಚ್ಚು ಬಿಟ್ಟು ಕಪ್ಪು ಹೊಗೆ ಬರುವುದು, ಬ್ರೇಕು ಬಿಡದೆ ಹಿಡಿದಿರುವುದು, ಕ್ಲಚ್ ಜಾರುವುದು, ಎಂಜಿನ್ ಆಯಿಲ್ ಕಡಮೆಯಿರುವುದು, ಮಿತಿಮೀರಿ ಭಾರ ಹೇರುವುದು ಇವುಗಳಲ್ಲಿ ಒಂದು ಕಾರಣವಿರುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದೆಯೇ?

ತಣ್ಣಗಿನ ಎಂಜಿನಿನ ಮುಚ್ಚಳ ತೆಗೆದು ರೇಡಿಯೇಟರಿನ ಕುತ್ತಿಗೆಯವರೆಗೆ ನೀರು ತುಂಬಿ ಎಂಜಿನನ್ನು ಚಾಲೂ ಮಾಡಬೇಕು. ಮೊದಲಲ್ಲಿ ಒಂದೆರಡು ಗುಳ್ಳೆ ಬರುವುದು ಸಹಜ. ಆದರೆ ನೀರು ಬಿಸಿಯಾಗುವ ಮೊದಲೇ ಎಡೆಬಿಡದೆ ಗುಳ್ಳೆಗಳೇಳುತ್ತಿದ್ದು, ಎಂಜಿನ್ ವೇಗ ಹೆಚ್ಚಿಸಿದಂತೆ ಅವೂ ಹೆಚ್ಚಾದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ. ಆಯಿಲ್ ಕಡ್ಡಿಯಲ್ಲಿ ಹಾಲು ಕಾಫಿಯ ಬಣ್ಣ ಕಂಡರೆ ನೀರು ಎಣ್ಣೆಗೆ ಸೇರಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಹೊಗೆಕೊಳವೆಯಿಂದ ಬಿಳಿಯ ಆವಿ ಬರುತ್ತಿದ್ದರೆ ನೀರು ಸಿಲಿಂಡರಿಗೆ ಸೇರುತ್ತಿದೆ ಎಂದು ಶಂಕಿಸಬೇಕು.

ಈ ಲಕ್ಷಣಗಳು ಕಂಡ ಮೇಲೆ ವಾಹನವನ್ನು ಓಡಿಸಬಾರದು. ಗ್ಯಾಸ್ಕೆಟ್ ಬದಲಿಸುವಾಗ ಹೆಡ್ಡಿನ ತಳ ನೇರವಾಗಿದೆಯೇ ಎಂದು ಉಕ್ಕಿನ ಪಟ್ಟಿ ಮತ್ತು ಫೀಲರ್ ಗೇಜಿನಿಂದ ಪರೀಕ್ಷಿಸಲು ಮೆಕ್ಯಾನಿಕರಿಗೆ ಹೇಳಬೇಕು. ಡೊಂಕಾದ ಹೆಡ್ಡಿನಡಿ ಹೊಸ ಗ್ಯಾಸ್ಕೆಟ್ ಹೆಚ್ಚು ದಿನ ಬಾಳದು. ಗ್ಯಾಸ್ಕೆಟ್ ಏಕೆ ಸುಟ್ಟಿತು ಎಂಬ ಮೂಲ ಕಾರಣ, ಅಂದರೆ ಮೇಲಿನ ಎಂಟರಲ್ಲಿ ಒಂದು, ಸರಿಹೋಗದಿದ್ದರೆ ಅದೇ ಖರ್ಚು ಮತ್ತೊಮ್ಮೆ ಬರುತ್ತದೆ.

ಘಟ್ಟದ ನಡುವೆ ಕುದಿದಾಗ

ಸೂಜಿ ಕೆಂಪಿನ ಕಡೆಗೆ ಹೋಗುತ್ತಿದ್ದಂತೆಯೇ ಗೇರ್ ಇಳಿಸಿ, ಆಕ್ಸಿಲರೇಟರ್ ಸಡಿಲಿಸಿ, ಏ.ಸಿ. ಇದ್ದರೆ ಆರಿಸಬೇಕು. ಹೀಟರ್ ಇರುವ ವಾಹನದಲ್ಲಿ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿದರೆ ಸ್ವಲ್ಪ ಶಾಖ ಅದರ ಮೂಲಕವೂ ಹೊರಹೋಗುತ್ತದೆ. ನಿಲ್ಲಿಸುವುದಾದರೆ ತಿರುವಿನಲ್ಲಿ ನಿಲ್ಲಿಸದೆ, ಅಗಲವಾದ ಜಾಗ ನೋಡಿ ಬದಿಗೆ ತೆಗೆದು, ಚಕ್ರಕ್ಕೆ ಕಲ್ಲು ಕೊಡಬೇಕು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಭೂಕುಸಿತದಿಂದ ಈ ರಸ್ತೆಯೇ ಮುಚ್ಚಿಹೋಗಿದ್ದುದು ಎಲ್ಲರಿಗೂ ನೆನಪಿದೆ. ಇಕ್ಕಟ್ಟಾದ ತಿರುವಿನಲ್ಲಿ ನಿಂತ ಒಂದು ಜೀಪು, ಮೂಡಿಗೆರೆ ಕಡೆಯಿಂದ ರೋಗಿಯನ್ನು ತರುವ ಆಂಬುಲೆನ್ಸನ್ನೂ ತಡೆಯಬಲ್ಲುದು.

ಬೆಲ್ಟು ಇದ್ದು, ನೀರು ಹೊರಗೆ ಚೆಲ್ಲಿರದಿದ್ದರೆ, ಎಂಜಿನನ್ನು ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಟ್ಟರೆ ಬಿಸಿ ಸಮವಾಗಿ ಇಳಿಯುತ್ತದೆ. ಆಗಲೂ ಸೂಜಿ ಏರುತ್ತಲೇ ಇದ್ದರೆ ನಿಲ್ಲಿಸಬೇಕು. ಬೆಲ್ಟು ಹರಿದಿದ್ದರೆ ಅಥವಾ ನೀರು ಸೋರಿಹೋಗಿದ್ದರೆ ತಕ್ಷಣವೇ ನಿಲ್ಲಿಸಬೇಕು.

ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒಳಗೆ 100 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ನೀರು ಒತ್ತಡದಲ್ಲಿ ಇರುತ್ತದೆ. ಮುಚ್ಚಳ ಬಿಟ್ಟೊಡನೆ ಅದು ಆವಿಯಾಗಿ ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಕಣ್ಣು ಹೋಗುವ ಅಪಾಯವಿದೆ. ಕಡೇಪಕ್ಷ ಅರ್ಧ ಗಂಟೆ ಕಾದು, ಮೇಲಿನ ಹೋಸ್ ಪೈಪನ್ನು ಕೈಯಿಂದ ಹಿಚುಕಲು ಸಾಧ್ಯವಾದ ಮೇಲೆ, ಮುಖ ಹಿಂದಕ್ಕೆ ಇಟ್ಟು, ದಪ್ಪ ಗೋಣಿಯನ್ನು ಹಲವು ಮಡಿಕೆ ಮಾಡಿ ಹೊದಿಸಿ, ಮುಚ್ಚಳವನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ ಆವಿ ಹೋಗಲು ಬಿಡಬೇಕು.

ಬಿಸಿ ಎಂಜಿನಿಗೆ ತೊರೆಯ ತಣ್ಣೀರನ್ನು ಒಮ್ಮೆಗೇ ಸುರಿಯಬಾರದು. ಕಾದ ಹೆಡ್ಡು ಒಂದೆಡೆ ಮಾತ್ರ ಥಟ್ಟನೆ ಕುಗ್ಗಿ ಸೀಳುತ್ತದೆ. ಎಂಜಿನ್ ಸಾಕಷ್ಟು ತಣಿದ ಮೇಲೆ, ಅದನ್ನು ನಿಧಾನಗತಿಯಲ್ಲಿ ಓಡಿಸುತ್ತ, ಸ್ವಲ್ಪ ಸ್ವಲ್ಪವಾಗಿ ನೀರು ಸೇರಿಸಬೇಕು. ಮನೆಯಿಂದ ಹೊರಡುವಾಗಲೇ 5 ಲೀಟರಿನ ಒಂದು ಡಬ್ಬಿ ಶುದ್ಧ ನೀರು, ಒಂದು ಬೆಲ್ಟು, ಎರಡು ಹೋಸ್ ಕ್ಲಿಪ್ಪು ಇಟ್ಟುಕೊಂಡರೆ ತೊರೆಯ ಮಣ್ಣುನೀರಿನ ಅಗತ್ಯವೇ ಬೀಳದು.

ಎಂಜಿನ್ ತಣಿಯಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ ವಾಹನವನ್ನು ಉರುಳಲು ಬಿಡುವ ರೂಢಿ ಕೆಲವರಲ್ಲಿದೆ. ಇದು ಪ್ರಾಣಕ್ಕೆ ಅಪಾಯ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನಿರ್ವಾತದ ನೆರವು ಕ್ಷಣದಲ್ಲಿ ಮುಗಿಯುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಗಟ್ಟಿಯಾಗುತ್ತದೆ.

ಬಿಡಬೇಕಾದ ಎರಡು ರೂಢಿಗಳು

ಮೊದಲನೆಯದು, ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ಹೀಗೆ ಮಾಡಿದರೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಉರಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಅಲ್ಲದೆ ಹಲವು ಎಂಜಿನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿಯು ಒಳಸುತ್ತಿನ ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಆ ಅಡ್ಡದಾರಿಯಲ್ಲಿಯೇ ಸುತ್ತುತ್ತದೆ. ಆಗ ಘಟ್ಟದಲ್ಲಿ ಬಿಸಿ ಇನ್ನೂ ಹೆಚ್ಚುತ್ತದೆ.

ಎರಡನೆಯದು, ರೇಡಿಯೇಟರನ್ನು ಬಟ್ಟೆ ಸೋಡದಿಂದ ತೊಳೆಯುವುದು. ಹಿತ್ತಾಳೆ, ತಾಮ್ರದ ರೇಡಿಯೇಟರು ಮತ್ತು ಬೀಡುಕಬ್ಬಿಣದ ಎಂಜಿನ್ ಇದ್ದ ಕಾಲದಲ್ಲಿ ಇದು ನಡೆಯುತ್ತಿತ್ತು. ಈಗಿನ ವಾಹನಗಳಲ್ಲಿ ಹೆಡ್ಡು, ಪಂಪಿನ ಕವಚ, ರೇಡಿಯೇಟರುಗಳು ಅಲ್ಯುಮಿನಿಯಮಿನವಾಗಿರುವುದು ಸಾಮಾನ್ಯ. ಸೋಡವು ಅಲ್ಯುಮಿನಿಯಮನ್ನು ತಿನ್ನುತ್ತದೆ. ಈ ಲೋಹಕ್ಕೆ ಹೊಂದುವ ರೇಡಿಯೇಟರ್ ಶೋಧಕವನ್ನೇ ಬಳಸಬೇಕು.

ಯಾವ ನೀರು, ಯಾವ ಕೂಲಂಟ್?

ಕರಾವಳಿಯ ಮುರಕಲ್ಲು ಪ್ರದೇಶದ ಕೆಲವು ಕೊಳವೆ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟರೆ ಕೆಂಪು ಗಸಿ ಕೂರುವ ನೀರು ರೇಡಿಯೇಟರಿಗೆ ಯೋಗ್ಯವಲ್ಲ. ತೊರೆಯ ನೀರಿನಲ್ಲಿ ನುಣುಪಾದ ಮಣ್ಣು ಇರುತ್ತದೆ. ಇವೆರಡೂ ನಳಿಕೆಗಳನ್ನು ಕಟ್ಟಿಸುತ್ತವೆ. ಬಟ್ಟಿಯಿಳಿಸಿದ ನೀರು ಎಲ್ಲಕ್ಕಿಂತ ಉತ್ತಮ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಳೆನೀರು ಸುಲಭವಾಗಿ ಸಿಗುವ, ಲವಣವಿಲ್ಲದ ನೀರು. ಮೊದಲ ಕೆಲವು ಮಳೆಗಳು ಕಳೆದ ಮೇಲೆ, ಬಯಲಿನಲ್ಲಿ ಶುಭ್ರವಾದ ಪಾತ್ರೆಯಿಟ್ಟು ಹಿಡಿದು, ಬಟ್ಟೆಯಲ್ಲಿ ಸೋಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ತುರ್ತಿಗೆ ಒದಗುತ್ತದೆ.

"ಈ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಏಕೆ?" ಎಂದು ಕೇಳುವವರುಂಟು. ಹೆಪ್ಪು ತಡೆಯುವುದು ಅದರ ಒಂದು ಕೆಲಸ ಮಾತ್ರ. ಅದು ತುಕ್ಕನ್ನು ತಡೆಯುತ್ತದೆ. ಡೀಸೆಲ್ ಎಂಜಿನಿನ ನಡುಕದಿಂದ ನೀರು ತಾಗುವ ಲೈನರುಗಳ ಹೊರಮೈಯಲ್ಲಿ ಬೀಳುವ ಸಣ್ಣ ಕುಳಿಗಳನ್ನು ಕಡಮೆ ಮಾಡುತ್ತದೆ. ಅರ್ಧ ನೀರು, ಅರ್ಧ ಕೂಲಂಟ್ ಸೇರಿದ ಮಿಶ್ರಣವು ಒತ್ತಡವಿಲ್ಲದೆಯೂ ಸುಮಾರು 107 ಡಿಗ್ರಿಯವರೆಗೆ ಕುದಿಯದು. ಆದರೆ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ಗಟ್ಟಿ ಕೂಲಂಟನ್ನೇ ತುಂಬಬಾರದು. ಶಾಖವನ್ನು ಹೊರುವ ಶಕ್ತಿ ನೀರಿಗಿಂತ ಅದಕ್ಕೆ ಕಡಮೆ. ಕೆಲವು ಡಬ್ಬಿಗಳಲ್ಲಿ ಮೊದಲೇ ನೀರು ಬೆರೆಸಿರುತ್ತಾರೆ, ಆದುದರಿಂದ ಮೇಲಿನ ಚೀಟಿಯನ್ನು ಓದಿಯೇ ಹಾಕಬೇಕು. ಬೇರೆ ಬೇರೆ ಬಗೆಯವನ್ನು ಬೆರೆಸಬಾರದು. ಕೈಪಿಡಿ ಹೇಳಿದ ಅವಧಿಗೆ ತಪ್ಪದೆ ಬದಲಿಸಬೇಕು.

ಹೊಸದಾಗಿ ತುಂಬಿದ ಮೇಲೆ ಒಳಗಿನ ಗಾಳಿ ಹೊರಹೋಗಬೇಕು. ವಾಹನದ ಮುಂಭಾಗ ಮೇಲಿರುವಂತೆ ಸಣ್ಣ ಏರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಚ್ಚಳ ತೆಗೆದೇ ಎಂಜಿನನ್ನು ನಿಧಾನವಾಗಿ ಓಡಿಸುತ್ತ ಮಟ್ಟ ಇಳಿದಂತೆ ತುಂಬಬೇಕು. ಗಾಳಿ ಬಿಡುವ ತಿರುಪು ಇರುವ ಎಂಜಿನುಗಳಲ್ಲಿ ಅದನ್ನು ಬಳಸಬೇಕು.

ದನಕರುಗಳಿರುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಕರುಗಳು ಇದನ್ನು ನೆಕ್ಕಿ ಸಾಯಬಹುದು, ಮಕ್ಕಳಿಗೂ ಅಪಾಯ. ಹಳೆಯ ಕೂಲಂಟನ್ನು ಅಂಗಳದಲ್ಲಿ, ತೋಡಿನಲ್ಲಿ, ಮೃತ್ಯುಂಜಯ ಹೊಳೆಗೆ ಸೇರುವ ಚರಂಡಿಯಲ್ಲಿ ಚೆಲ್ಲಬಾರದು. ಡಬ್ಬಿಯಲ್ಲಿ ಹಿಡಿದು, ಬಿಗಿಯಾಗಿ ಮುಚ್ಚಿ, ಹಳೆಯ ಎಣ್ಣೆ ಮತ್ತು ಕೂಲಂಟನ್ನು ವಿಲೇವಾರಿ ಮಾಡುವ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು.

ನಿಯಮಿತ ಪಾಲನೆ

ದಿನವೂ: ತಣ್ಣಗಿರುವಾಗ ನೀರಿನ ಮಟ್ಟ, ಆಯಿಲಿನ ಮಟ್ಟ ನೋಡುವುದು.

ವಾರಕ್ಕೊಮ್ಮೆ: ಬೆಲ್ಟು ಒತ್ತಿ ನೋಡುವುದು. ಹೋಸ್ ಕ್ಲಿಪ್ಪುಗಳನ್ನು ಬಿಗಿಮಾಡುವುದು.

ತಿಂಗಳಿಗೊಮ್ಮೆ: ರೇಡಿಯೇಟರಿನ ಹೊರಮೈ ತೊಳೆಯುವುದು. ಮಳೆಗಾಲದಲ್ಲಿ ಕೆಸರಿನ ದಾರಿಯಲ್ಲಿ ಓಡಾಡುವವರು ಇದನ್ನು ವಾರಕ್ಕೊಮ್ಮೆ ಮಾಡುವುದು ಒಳ್ಳೆಯದು.

ವರ್ಷಕ್ಕೊಮ್ಮೆ: ಮಳೆಗಾಲ ಮುಗಿದು ಅಡಿಕೆ ಕೊಯಿಲಿನ ಓಡಾಟ ಹೆಚ್ಚುವ ಮೊದಲು ಮುಚ್ಚಳ, ಥರ್ಮೋಸ್ಟಾಟ್, ಹೋಸ್ ಪೈಪು, ಪಂಪುಗಳ ಪೂರ್ಣ ಪರೀಕ್ಷೆ.

ಈ ಕ್ರಮವು ಜೀಪಿಗೆ ಮಾತ್ರವಲ್ಲ, ರೇಡಿಯೇಟರ್ ಇರುವ ಟ್ರ್ಯಾಕ್ಟರಿಗೂ ಅನ್ವಯಿಸುತ್ತದೆ. ಗ್ರಾಮಗಳಲ್ಲಿ ಯಂತ್ರೋಪಕರಣಗಳ ತರಬೇತಿ ನಡೆಸುವ ವಿಸ್ತರಣಾ ಕಾರ್ಯಕರ್ತರು ಥರ್ಮೋಸ್ಟಾಟನ್ನು ಒಲೆಯ ಮೇಲೆ ಪರೀಕ್ಷಿಸುವುದನ್ನೂ ಬೆಲ್ಟು ಒತ್ತಿ ನೋಡುವುದನ್ನೂ ರೈತರ ಕೈಯಿಂದಲೇ ಮಾಡಿಸಿದರೆ ಹೆಚ್ಚು ಪ್ರಯೋಜನವಾಗುವುದು. ಕಕ್ಕಿಂಜೆಯಿಂದ ಘಟ್ಟ ಹತ್ತಲು ಹೊರಡುವ ಮೊದಲು ಬಾನೆಟ್ ಎತ್ತಿ ನೋಡುವ ಐದು ನಿಮಿಷ, ತಿರುವಿನಲ್ಲಿ ನಿಂತು ಕಾಯುವ ಗಂಟೆಗಳನ್ನೂ ಹೆಡ್ಡು ಬಿಚ್ಚುವ ಖರ್ಚನ್ನೂ ಉಳಿಸುತ್ತದೆ.